ತುಂಗೆಯ ಮೀನು ತೊಟ್ಟಿಯಲ್ಲಿ

1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು ತುಂಗಾ ನದಿಯ ಒಂದು ಪುಟ್ಟ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಮುಂದೆ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರೂ ಇವರೇ. ಅವರು ಬೋಟಿಯಾ ಸ್ಟ್ರಯೇಟಾ ಎಂದು ಹೆಸರಿಟ್ಟ ಆ ಮೀನು ಇವತ್ತು ಅಕ್ವೇರಿಯಂ ಅಂಗಡಿಗಳಲ್ಲಿ ಜೀಬ್ರಾ ಲೋಚ್ ಆಗಿ ಮಾರಾಟವಾಗುತ್ತದೆ. ಪಶ್ಚಿಮಘಟ್ಟದ ಹೊಳೆಗಳನ್ನು ಬಿಟ್ಟರೆ ಲೋಕದ ಬೇರಾವ ಕಾಡುನೀರಿನಲ್ಲೂ ಇದು ಇಲ್ಲ. ಐಯುಸಿಎನ್ ಕೆಂಪುಪಟ್ಟಿ ಇದನ್ನು ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿಸಿದೆ.

ಬೆಂಗಳೂರಿನ ಅಂಗಡಿಯೊಂದರಲ್ಲಿ, ‘ಎಲ್ಲಿಯ ಮೀನು ಇದು?’ ಎಂದು ಕೇಳಿದ್ದೆ. ‘ಕೋಲ್ಕತ್ತಾ ಮಾಲು ಸಾರ್’ ಎಂದರು ಅಂಗಡಿಯವರು. ಅವರು ಸುಳ್ಳು ಹೇಳಲಿಲ್ಲ. ಅವರ ಕೈಗೆ ಪೆಟ್ಟಿಗೆ ಬಂದದ್ದು ಅಲ್ಲಿಂದಲೇ. ಆದರೆ ಮಲೆನಾಡಿನ ಜೀವವೊಂದು ದೇಶ ಸುತ್ತಿ ಮತ್ತೆ ನಮ್ಮ ರಾಜ್ಯಕ್ಕೇ ಬರುವಷ್ಟರಲ್ಲಿ ಅದರ ಊರು ಯಾವುದೆಂಬುದೇ ಅಳಿಸಿಹೋಗಿತ್ತು. ನನ್ನನ್ನು ಕಾಡುತ್ತಿರುವುದು ಇದು. ಊರು ಗೊತ್ತಿಲ್ಲದ ಮೀನಿಗೆ ಏನು ಬೇಕೆಂಬುದು ನಮಗೆ ಹೇಗೆ ಗೊತ್ತಾಗಬೇಕು?

ಹತ್ತಿರ ಕೂತು ನೋಡಿದರೆ ಅದೇ ಹೇಳುತ್ತದೆ. ಬೆರಳುದ್ದದ ಮೈ, ಹೊಂಬಣ್ಣದ ಮೇಲೆ ಒತ್ತೊತ್ತಾಗಿ ಕಪ್ಪು ಪಟ್ಟೆಗಳು. ಬಾಯಿಯ ಸುತ್ತಲಿನ ಮೀಸೆಗಳಿಂದ ಕಲ್ಲುಕಲ್ಲಿನ ಸಂದಿಯನ್ನೂ ತಡವುತ್ತಾ ಬಸವನಹುಳು ಹುಡುಕುತ್ತದೆ. ಕಣ್ಣಿನ ಕೆಳಗೆ ಮಡಚಿಟ್ಟ ಒಂದು ಮುಳ್ಳಿದೆ. ಹೆದರಿದರೆ ಅದು ಸೆಟೆದು ನಿಲ್ಲುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ ಚೀಲವನ್ನೂ ತೂತು ಮಾಡುತ್ತದೆ. ಒಂಟಿಯಾಗಿ ಸಾಕಿದರೆ ಇಡೀ ದಿನ ಮೂಲೆಯಲ್ಲಿ ಅವಿತಿರುತ್ತದೆ. ಐದಾರು ಜೊತೆಗಿದ್ದರೆ ಅಟ್ಟಾಡಿಸಿಕೊಂಡು, ದಣಿದಾಗ ಒಂದೇ ಸಂದಿಯಲ್ಲಿ ಮೈಗೆ ಮೈ ಹಚ್ಚಿ ಮಲಗುತ್ತವೆ. ‘ಜೋಡಿ ಕೊಡಿ ಸಾಕು’ ಎನ್ನುವ ಗಿರಾಕಿ ಇದನ್ನು ನೋಡಿರುವುದಿಲ್ಲ.

ಇನ್ನು ನೀರು. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಂತೆ ಮೀನಿಗೆ ಬೇಕಾದ ಉಸಿರು ಮಾತ್ರ ಹೆಚ್ಚುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ, ಪಂಪು ನಿಂತು, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ಕಂಡವರಿಗೆ ಈ ಅಂಕಿಗಳನ್ನು ವಿವರಿಸಬೇಕಾಗಿಲ್ಲ. ಮೀನು ಹೊರಹಾಕುವ ಅಮೋನಿಯಾ ಅದಕ್ಕೇ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ತಿಂಗಳಾದರೂ ಬೇಕು. ಅಷ್ಟು ದಿನ ಖಾಲಿ ತೊಟ್ಟಿಯನ್ನು ಕಾಯುವ ತಾಳ್ಮೆ ಇಲ್ಲದವರು ಮೀನು ಸಾಕಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಾಜಿನ ನಾಲ್ಕು ಗೋಡೆಯೊಳಗೆ ಇಷ್ಟೆಲ್ಲ ಮಾಡಿದ ಮೇಲೆ ಹೊಳೆಯ ಕೆಲಸ ಎಷ್ಟು ದೊಡ್ಡದೆಂಬುದು ಅರಿವಾಗುತ್ತದೆ. ಬಂಡೆಗೆ ಬಡಿದು ನೀರು ಉಸಿರು ತುಂಬಿಕೊಳ್ಳುತ್ತದೆ, ದಂಡೆಯ ಮರ ಅದನ್ನು ತಂಪಾಗಿಡುತ್ತದೆ, ಕಲ್ಲಿನ ಪಾಚಿ ಉಣಿಸುತ್ತದೆ. ಮನೆಯಲ್ಲಿ ಅಮೋನಿಯಾ ಪರೀಕ್ಷೆ ಮಾಡಿದವರು ದಂಡೆಯ ಮರ ಕಡಿದಾಗ, ಮರಳು ತೆಗೆದಾಗ, ಹೊಳೆಗೆ ತೋಟೆ ಸಿಡಿಸಿದಾಗ ಸುಮ್ಮನಿರಲಾಗದು. ಮೀನು ಸಾಕುವ ಹವ್ಯಾಸದ ಬಗ್ಗೆ ನನಗೆ ಗೌರವವಿರುವುದು ಈ ಕಾರಣಕ್ಕೆ.

ಆದರೂ ಲೆಕ್ಕ ಎದುರಿಗಿದೆ. 2005ರಿಂದ 2012ರವರೆಗೆ ಭಾರತದಿಂದ ರಫ್ತಾದ, ಅಪಾಯದಲ್ಲಿರುವ 30 ಜಾತಿಯ ಸಿಹಿನೀರಿನ ಮೀನುಗಳ ಸಂಖ್ಯೆ 15 ಲಕ್ಷ ಮೀರುತ್ತದೆಂದು ಸಂಶೋಧಕರು ದಾಖಲಿಸಿದ್ದಾರೆ. ಅದರಲ್ಲಿ ದೊಡ್ಡ ಪಾಲು ಮೂರರದು: ಮಿಸ್ ಕೇರಳ, ಕೇರಳದ ಪುಟಾಣಿ ಪಫರ್ ಮೀನು, ಮತ್ತು ನಮ್ಮ ಈ ಜೀಬ್ರಾ ಲೋಚ್. ಬಲೆ ಹಾಕಿದ ಬಡವನನ್ನು ದೂರಿ ಫಲವಿಲ್ಲ, ಅವನ ಕೈಗೆ ಬಂದದ್ದು ಪುಡಿಗಾಸು. ಕೊಳ್ಳುವವರು ಕೇಳದಿದ್ದರೆ ಆ ಸರಪಳಿಯಲ್ಲಿ ಬೇರೆ ಯಾರೂ ಕೇಳುವುದಿಲ್ಲ. ಮಿಸ್ ಕೇರಳವನ್ನು ಮರಿಮಾಡಿಸುವ ವಿಧಾನ ಈಗ ಗೊತ್ತಾಗಿದೆ, ಹಾಗೆ ಫಾರಂನಲ್ಲಿ ಹುಟ್ಟಿದ್ದೆಂದು ಖಾತ್ರಿಯಾದರೆ ಸಾಕಲು ನನ್ನ ತಕರಾರಿಲ್ಲ. ಜೀಬ್ರಾ ಲೋಚ್ ಮನೆಯ ತೊಟ್ಟಿಯಲ್ಲಿ ಮರಿಮಾಡುವುದು ತೀರಾ ಅಪರೂಪ. ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಇಷ್ಟಪಟ್ಟದ್ದನ್ನು ಕೊಳ್ಳದೆ ಬರುವುದು ಕಷ್ಟ, ಗೊತ್ತು.

ಮೀನನ್ನು ಹಿಡಿಯದೆಯೇ ಸಾಕುವ ರೀತಿಯೊಂದು ನಮ್ಮಲ್ಲೇ ಇದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಅವು ಯಾರ ಸೊತ್ತೂ ಅಲ್ಲ, ಎಲ್ಲರೂ ಮಂಡಕ್ಕಿ ಹಾಕುತ್ತಾರೆ. (ಅಷ್ಟು ಮಂಡಕ್ಕಿ ಬೇಡವೆಂದು ನನಗನ್ನಿಸುತ್ತದೆ, ಅದು ಬೇರೆ ಮಾತು.) ದೊಡ್ಡ ಮೀನಿನ ಹೆಸರಲ್ಲಿ ಬಲೆ ಬೀಳದ ಆ ಗುಂಡಿಗಳಲ್ಲಿ ಕಲ್ಲಡಿಯ ಚಿಕ್ಕಪುಟ್ಟವೂ ಬದುಕಿಕೊಳ್ಳುತ್ತವೆ.

ಈಗಾಗಲೇ ಮನೆಗೆ ಬಂದುಬಿಟ್ಟಿರುವ ಮೀನುಗಳ ಪಾಡು? ಸಾಕಲಾಗದವುಗಳನ್ನು ಕೆರೆಗೆ ಬಿಟ್ಟು ಬಂದು ಪುಣ್ಯ ಬಂತೆನ್ನುವವರಿದ್ದಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಬೆಂಗಳೂರಿನ ಕೆರೆಗಳನ್ನು ಹೊಕ್ಕಿದ್ದು ಇಂಥ ದಯೆಯಿಂದಲೇ. ತುಂಗೆಯ ಮೀನನ್ನು ತುಂಗೆಗೇ ಬಿಟ್ಟರೂ ತೊಟ್ಟಿಯ ರೋಗ ಅದರ ಜೊತೆ ಹೊಳೆಗಿಳಿಯಬಹುದು. ಹಾಗಾಗಿ ಅದು ಬದುಕಿರುವಷ್ಟು ಕಾಲ ಹರಿವು, ತಂಪು, ಅವಿತುಕೊಳ್ಳಲು ಕಲ್ಲುಗಳು, ತನ್ನದೇ ಜಾತಿಯ ಜೊತೆ ಇವನ್ನೆಲ್ಲ ಒದಗಿಸುವ ಹೊಣೆ ತಂದವರದು. ಮನೆ ಬದಲಿಸುವಾಗ, ಹಬ್ಬಕ್ಕೆ ಊರಿಗೆ ಹೋದಾಗ, ರಾತ್ರಿಯಿಡೀ ಕರೆಂಟು ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆಂಬುದು ಮನೆಮಂದಿಗೆಲ್ಲ ಗೊತ್ತಿರಬೇಕು.