ಕತ್ತಲೆಯಲ್ಲಿ ತಟ್ಟಿದ ಚಪ್ಪಾಳೆ

ಸಿನಿಮಾ ಎಂದರೆ ಮೂರು ತಾಸಿನ ಮನರಂಜನೆ, ಅದರಲ್ಲಿ ಧರ್ಮಾಧರ್ಮಗಳ ವಿಚಾರವೇಕೆ ಎಂದು ಕೇಳುವವರುಂಟು. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ವಾರವಿಡೀ ಕಡತಗಳ ನಡುವೆ ಕಳೆದು, ಲೋಕಲ್ ಗಾಡಿಯಲ್ಲಿ ನಿಂತೇ ಮನೆ ಸೇರುವ ಜೀವಕ್ಕೆ ರವಿವಾರ ಒಂದು ಚಿತ್ರ ಬೇಕೆನಿಸುವುದು ಸಹಜ. ಆದರೂ ಚಿತ್ರಮಂದಿರದ ಕತ್ತಲೆಯಲ್ಲಿ ಯಾರಿಗೆ ಚಪ್ಪಾಳೆ ತಟ್ಟಿದೆವೆಂದು ದೀಪ ಹತ್ತಿದ ಮೇಲೆ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ತಪ್ಪು ಮಾಡಿದವನು ಪಾರಾಗಲಿ ಎಂದು ಹಾರೈಸಿದವರಿಗೆ ಆ ತಪ್ಪಿನಲ್ಲಿ ಪಾಲುಂಟೇ?

2022ರ ನವೆಂಬರಿನಲ್ಲಿ ತೆರೆಕಂಡ 'ದೃಶ್ಯಂ 2' ಚಿತ್ರವನ್ನೇ ನೋಡೋಣ. ಮಗಳ ವೀಡಿಯೋ ತೆಗೆದು ಹೆದರಿಸಲು ಬಂದ ಹುಡುಗ ಆ ಮನೆಯಲ್ಲೇ ಸಾಯುತ್ತಾನೆ. ತಂದೆ ವಿಜಯ್ ಸಾಲ್ಗಾಂವ್‌ಕರ್ ಶವವನ್ನು ಬಚ್ಚಿಟ್ಟು, ಸುಳ್ಳು ಸಾಕ್ಷ್ಯ ಹೆಣೆದು, ಹೆಂಡತಿ ಮಕ್ಕಳಿಗೂ ಸುಳ್ಳು ಹೇಳಲು ಕಲಿಸಿ ಪೋಲೀಸರನ್ನು ಸೋಲಿಸುತ್ತಾನೆ. ಎರಡನೆಯ ಭಾಗದಲ್ಲಿ ಮತ್ತೆ ಗೆಲ್ಲುತ್ತಾನೆ. 2013ರಲ್ಲಿ ಮಲೆಯಾಳದಲ್ಲಿ ಹುಟ್ಟಿದ ಈ ಕತೆ ಮರುವರ್ಷ ರವಿಚಂದ್ರನ್ ಅವರ 'ದೃಶ್ಯ'ವಾಗಿ ಕನ್ನಡಕ್ಕೂ, 2015ರಲ್ಲಿ ಹಿಂದಿಗೂ ಬಂತು. ಆದುದರಿಂದ ಇದು ಹಿಂದೀ ಚಿತ್ರದವರ ದೋಷವೆಂದು ನಾವು ಕನ್ನಡಿಗರು ಜಾರಿಕೊಳ್ಳುವಂತಿಲ್ಲ.

ನಾವೇಕೆ ಆತನ ಪಕ್ಷ ವಹಿಸುತ್ತೇವೆ? ನಿಲ್ದಾಣದಲ್ಲಿ ಪಕ್ಕದ ಗಾಡಿ ಹೊರಟರೆ ನಮ್ಮ ಗಾಡಿಯೇ ಹೊರಟಂತೆ ತೋರುವುದಿಲ್ಲವೇ? ಚಲನೆಯೆಂಬುದು ನೋಡುವವನ ನೆಲೆಯನ್ನು ಅವಲಂಬಿಸಿದೆ. ಇಲ್ಲಿ ಕ್ಯಾಮರಾ ಸಾಲ್ಗಾಂವ್‌ಕರರ ಮನೆಯಲ್ಲಿ ಕುಳಿತಿದೆ, ನಾವೂ ಅಲ್ಲಿಯೇ ಕುಳಿತಿದ್ದೇವೆ. ಪುಟ್ಟ ಹುಡುಗಿಯನ್ನು ಪೋಲೀಸನೇ ಹೊಡೆಯುವುದನ್ನು ಕಂಡ ಮೇಲೆ ಕಾಯಿದೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಅದೇ ಕ್ಯಾಮರಾವನ್ನು ಸತ್ತ ಹುಡುಗನ ತಾಯಿಯ ಮನೆಯಲ್ಲಿಟ್ಟರೆ? ಮಗ ದುಷ್ಟನೇ ಇರಬಹುದು. ಆದರೆ ಏಳು ವರ್ಷ ಅವನ ಅಂತ್ಯಕ್ರಿಯೆಗೂ ಗತಿಯಿಲ್ಲದೆ ಕಾದವಳು ಆಕೆ. ಕಡೆಯಲ್ಲಿ ವಿಜಯನೇ ಚಿತಾಭಸ್ಮವನ್ನು ಆ ತಂದೆತಾಯಿಗೆ ತಲುಪಿಸುತ್ತಾನೆ. ಗೆದ್ದ ಮೇಲೂ ಋಣ ಉಳಿದಿದೆಯೆಂದು ಚಿತ್ರವೇ ಒಪ್ಪಿಕೊಂಡಂತಾಯಿತು. ನಿಂತ ಗಾಡಿಗೂ ಸಮವೇಗದಲ್ಲಿ ಸಾಗುವ ಗಾಡಿಗೂ ಭೌತಶಾಸ್ತ್ರದ ನಿಯಮಗಳು ಒಂದೇ. ನೀತಿಯೂ ಹಾಗೆಯೇ ಎಂದು ನಮಗೆ ತೋರುತ್ತದೆ. ನೋಡುವ ನೆಲೆ ಬದಲಾದರೆ ನಮ್ಮ ಕನಿಕರ ಬದಲಾದೀತು, ನ್ಯಾಯ ಬದಲಾಗದು.

2023ರ 'ಜವಾನ್' ಚಿತ್ರದ ನಾಯಕ ಮುಂಬಯಿ ಮೆಟ್ರೋ ಗಾಡಿಯನ್ನೇ ವಶಪಡಿಸಿಕೊಂಡು, ಪ್ರಯಾಣಿಕರನ್ನು ಒತ್ತೆಯಿಟ್ಟು, ರೈತರ ಸಾಲ ತೀರಿಸಲು ಹಣ ಕೇಳುತ್ತಾನೆ. ಬೇಡಿಕೆಯೇನೋ ನ್ಯಾಯವಾದದ್ದು. ಆದರೆ ಆ ಡಬ್ಬಿಯಲ್ಲಿ ಕಾಲೇಜಿಗೆ ಹೊರಟ ನಮ್ಮ ಮಗಳು ಕುಳಿತಿದ್ದರೆ ಆ ದಾರಿಯನ್ನು ನಾವು ಒಪ್ಪುತ್ತಿದ್ದೆವೇ? ಇಷ್ಟಿದ್ದರೂ ಚಪ್ಪಾಳೆ ಮೊಳಗುತ್ತದೆ. ಆ ಸದ್ದನ್ನು ನಮ್ಮಂತಹ ಸರಕಾರಿ ಗುಮಾಸ್ತರು ಕಿವಿಗೊಟ್ಟು ಕೇಳಬೇಕು. "ನಾಳೆ ಬನ್ನಿ" ಎಂಬ ಉತ್ತರ ಕೇಳಿ ಕೇಳಿ ದಣಿದವರು ನಮ್ಮ ಮೇಜುಗಳಿಗೆ ಕೊಟ್ಟ ಮೆಮೋ ಅದು. ಅರ್ಜಿಗಳು ಸಕಾಲದಲ್ಲಿ ಸಾಗುವ ಊರಿನಲ್ಲಿ ಬಂದೂಕು ಹಿಡಿದ ನಾಯಕನಿಗೆ ಕೆಲಸವಿಲ್ಲ.

ಬಂದೂಕಿಲ್ಲದ ದಾರಿಯನ್ನು ತೋರಿಸಿದ ಚಿತ್ರಗಳೂ ಈಚೆಗೆ ಬಂದಿವೆ. 2023ರ 'ಟ್ವೆಲ್ತ್ ಫೇಲ್' ಚಿತ್ರದಲ್ಲಿ ಚಂಬಲ್ ಸೀಮೆಯ ಶಾಲೆಯೊಂದರ ಗುರುಗಳೇ ಪರೀಕ್ಷೆಯಲ್ಲಿ ನಕಲಿಗೆ ನೆರವಾಗುತ್ತಾರೆ. ಪೋಲೀಸ್ ಅಧಿಕಾರಿಯೊಬ್ಬ ಅದನ್ನು ತಡೆಯುತ್ತಾನೆ. ನಾಯಕ ಮನೋಜ್ ಆ ವರ್ಷ ನಪಾಸಾಗುತ್ತಾನೆ. ಮರುವರ್ಷ ನಕಲು ಮಾಡದೆ ಮೂರನೆಯ ದರ್ಜೆಯಲ್ಲಿ ಪಾಸಾಗುತ್ತಾನೆ. ಮುಂದೆ ದಿಲ್ಲಿಯ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತ ಓದಿ ಐ.ಪಿ.ಎಸ್. ಆಗುತ್ತಾನೆ. 2024ರಲ್ಲಿ ಬಂದ ಕಿರಣ್ ರಾವ್ ಅವರ 'ಲಾಪತಾ ಲೇಡೀಸ್' ಚಿತ್ರದ ಪೋಲೀಸ್ ಅಧಿಕಾರಿಯಂತೂ ಲಂಚಕೋರ. ಆದರೂ ಓದಲು ಹಂಬಲಿಸುವ ಹುಡುಗಿಯನ್ನು ದಬ್ಬಾಳಿಕೆಯ ಗಂಡನ ಕೈಗೆ ಒಪ್ಪಿಸದೆ ಬಿಡುಗಡೆ ಮಾಡುತ್ತಾನೆ. ಆ ಒಂದು ಕೆಲಸದಿಂದ ಅವನ ಹಳೆಯ ಲಂಚವೆಲ್ಲ ತೊಳೆದುಹೋಗದು. ಆದರೆ ಕೆಟ್ಟವನಿಗೂ ತನ್ನ ಕುರ್ಚಿಯಲ್ಲಿ ಕುಳಿತೇ ಒಳ್ಳೆಯದನ್ನು ಮಾಡುವ ಅವಕಾಶ ಉಳಿದಿರುತ್ತದೆಂದು ಅದು ತೋರಿಸುತ್ತದೆ. ಅಲ್ಲಿ ತಟ್ಟಿದ ಚಪ್ಪಾಳೆಗೆ ನಾವು ನಾಚಬೇಕಾದದ್ದಿಲ್ಲ.

ನಮ್ಮ ಅಭಿಪ್ರಾಯವಿಷ್ಟು: ತಪ್ಪಿತಸ್ಥನಿಗಾಗಿ ಮರುಗುವುದು ಪಾಪವಲ್ಲ. ಪರರ ಸಂಕಟವನ್ನು ಮೂರು ತಾಸು ನಮ್ಮದೆಂದು ಬಗೆಯುವುದರಿಂದ ಮನಸ್ಸು ಹಿಗ್ಗುತ್ತದೆ. ಆದರೆ ಮರುಕವೇ ಬೇರೆ, ಸಮ್ಮತಿಯೇ ಬೇರೆ. ಕತ್ತಲೆಯ ಚಪ್ಪಾಳೆ ಬೆಳಕಿನಲ್ಲಿ ನಮ್ಮ ನಡತೆಯಾದಾಗ, "ನಮ್ಮವನಾದರೆ ಸುಳ್ಳೂ ಸರಿ" ಎಂಬ ಮಾತು ಮನೆಯೊಳಗೆ ಕಾಲಿಟ್ಟಾಗ, ಪಾಲು ನಮಗೂ ಬರುತ್ತದೆ.

ಪರಸ್ಥಳದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಪುರಾಣ ಹೇಳುವ ಅಜ್ಜ ಅಜ್ಜಿಯರು ಎಲ್ಲ ಮನೆಗಳಲ್ಲಿಲ್ಲ. ಹಲವರ ಪಾಲಿಗೆ ಹಿಂದೀ ಚಿತ್ರವೇ ಪುರಾಣ. ಅದನ್ನು ನಿಷೇಧಿಸಿ ಫಲವಿಲ್ಲ. ಮಕ್ಕಳ ಜೊತೆಯಲ್ಲಿಯೇ ಕುಳಿತು ನೋಡೋಣ. ರಾತ್ರಿ ಊಟಕ್ಕೆ ಕುಳಿತಾಗ ಒಂದೇ ಪ್ರಶ್ನೆ ಕೇಳೋಣ: "ಆ ಹುಡುಗನ ತಾಯಿ ನಾವಾಗಿದ್ದರೆ?" ಉತ್ತರವನ್ನು ಮಕ್ಕಳೇ ಹುಡುಕಲಿ.