ಬಂಪರ್ ಮೇಲಿನ ನೀಲಿ ಗೆರೆ

ಗಾಡಿ ತಾಗಿದ ಸದ್ದು ಕೇಳಿ ಕೆಳಗಿಳಿದಾಗ ನಾನು ಮೊದಲು ನೋಡಿದ್ದು ನನ್ನ ಬಂಪರನ್ನು. ಎದುರಿಗೆ ಮಗ್ಗುಲಾಗಿ ಬಿದ್ದಿದ್ದ ನೀಲಿ ಎಕ್ಸ್‌ಎಲ್ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ. ನಡುವೆ ಎರಡು ಸೆಕೆಂಡು ಹೋಗಿರಬಹುದು. ಆ ಎರಡು ಸೆಕೆಂಡು ಇವತ್ತಿಗೂ ನನಗೆ ಸರಿಯಾಗಿ ಜೀರ್ಣ ಆಗಿಲ್ಲ.

ನನ್ನದು 2016ರ ಪೋಲೊ ಜಿಟಿ ಟಿಎಸ್‌ಐ. ಕೆಂಪು ಬಣ್ಣ, ಸೆಕೆಂಡ್ ಹ್ಯಾಂಡ್. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್, 7 ಗೇರಿನ ಡಿಎಸ್‌ಜಿ. ಜರ್ಮನಿಯಲ್ಲಿ ಇದನ್ನು ಯಾರೂ ಪರ್ಫಾರ್ಮೆನ್ಸ್ ಕಾರು ಅನ್ನಲಿಕ್ಕಿಲ್ಲ. ಆದರೆ ಇಎಂಐ ಕಟ್ಟಿ ಬದುಕುವ ನಮ್ಮಂಥವರಿಗೆ ಅದೇ ಪರ್ಫಾರ್ಮೆನ್ಸು. 2022ರಲ್ಲಿ ಇಲ್ಲಿ ಪೋಲೊ ತಯಾರಿಕೆ ನಿಂತ ಮೇಲಂತೂ, ಇದ್ದವರು ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ನಾನೂ ಅದೇ ಪೈಕಿ. ಭಾನುವಾರ ಬೆಳಗ್ಗೆ ಟಿಳಕವಾಡಿಯಿಂದ ಹೊರಟು, ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ, ಗಣೇಬೈಲ ಟೋಲ್ ಕಟ್ಟಿ ಖಾನಾಪುರದವರೆಗೆ ಹೋಗಿ ಚಹಾ ಕುಡಿದು ವಾಪಸ್ ಬರುವುದು. ಕೆಲಸವೇನೂ ಇರಲ್ಲ. ಆ ರಸ್ತೆ ಅಗಲ ಆದ ಮೇಲೆ ಇದೊಂದು ಚಟ.

ಅವತ್ತು ಖಾನಾಪುರದಲ್ಲಿ ಮಿಸಳ್ ತಿಂದು, ಚಹಾ ಕುಡಿದು ಗಾಡಿ ಹತ್ತಿದೆ. ಫೋನಿನಲ್ಲಿ ಹಾಡು ಬದಲಿಸುತ್ತಿದ್ದೆ. ರಿವರ್ಸ್‌ಗೆ ಹಾಕಿದ್ದೀನಿ ಅಂದುಕೊಂಡಿದ್ದೆ, ಡ್ರೈವ್‌ನಲ್ಲಿತ್ತು. ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಗಾಡಿ ಮುಂದಕ್ಕೆ ತೆವಳಿತು. ಅಷ್ಟೇ. 105 ಕುದುರೆಗಳಲ್ಲಿ ಒಂದು ಕುದುರೆಯೂ ಪೂರ್ತಿ ಎದ್ದಿರಲಿಲ್ಲ.

ಎಕ್ಸ್‌ಎಲ್‌ನ ಎರಡೂ ಬದಿಗೆ ಖಾಲಿ ಹಾಲಿನ ಕ್ಯಾನು ಕಟ್ಟಿತ್ತು. ಎತ್ತಿ ನಿಲ್ಲಿಸಿದೆ. ಇಂಡಿಕೇಟರ್ ಮುರಿದು ವೈರಿಗೆ ಜೋತು ಬಿದ್ದಿತ್ತು, ಮುಂದಿನ ಮಡ್‌ಗಾರ್ಡ್ ಒಳಕ್ಕೆ ಹೋಗಿ ಟಯರಿಗೆ ತಾಗುತ್ತಿತ್ತು. ಅತ್ತಿತ್ತ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎರಡು ನಿಮಿಷ ನಿಂತೆ. ಆ ಎರಡು ನಿಮಿಷವನ್ನು ‘ಕಾದೆ’ ಅಂತ ನನಗೆ ನಾನೇ ಲೆಕ್ಕ ಹಾಕಿಕೊಂಡು ಹೊರಟೆ. ಹೋಟೆಲಿನ ಒಳಗೆ ಹೋಗಿ ‘ಈ ಗಾಡಿ ಯಾರದ್ರೀ?’ ಅಂತ ಕೇಳಲಿಕ್ಕೆ ಹತ್ತು ಹೆಜ್ಜೆ ಬೇಕಿತ್ತು. ಇಡಲಿಲ್ಲ.

ದಾರಿಯುದ್ದಕ್ಕೂ ನೆಪಗಳು ತಾವಾಗೇ ಬಂದವು. ಅವನು ಗಾಡಿ ನಿಲ್ಲಿಸಿದ್ದೇ ತಪ್ಪು ಜಾಗದಲ್ಲಿ. ಹಳೇ ಗಾಡಿ, ಮೊದಲೇ ಗೀರು ಬಿದ್ದಿತ್ತು. ಒಳಗೆ ಹೋಗಿದ್ದರೆ ಹತ್ತು ಜನ ಸೇರಿ, ಕೆಂಪು ಕಾರು ನೋಡಿ ಐದು ಸಾವಿರ ಕೇಳುತ್ತಿದ್ದರು. ಈ ಕೊನೆಯದು ನಮ್ಮ ವರ್ಗದ ಅಚ್ಚುಮೆಚ್ಚಿನ ನೆಪ, ಗಮನಿಸಿ ನೋಡಿ. ಇನ್ನೂ ನಡೆಯದೇ ಇರೋ ಅನ್ಯಾಯವೊಂದನ್ನು ಎದುರಿನವರ ಮೇಲೆ ಹೊರಿಸಿ, ನಾವು ಮಾಡಿದ್ದನ್ನು ಅದಕ್ಕೆ ವಜಾ ಹಾಕಿಕೊಳ್ಳುತ್ತೇವೆ.

ಸೋಮವಾರ ಸರ್ವಿಸ್ ಸೆಂಟರಿಗೆ ಹೋದೆ. ಎಡ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಸೀಳು, ಫಾಗ್ ಲ್ಯಾಂಪಿನ ಜಾಲಿಯ ಒಂದು ಲಾಕು ಮುರಿದಿತ್ತು. ‘ಬಂಪರ್ ಚೇಂಜೇ ಮಾಡಬೇಕು ಸರ್’ ಅಂದರು. ಎಸ್ಟಿಮೇಟು 20,000 ದಾಟಿತ್ತು. ಇನ್ಶೂರೆನ್ಸ್ ಕ್ಲೇಮ್ ಮಾಡೋಣ ಅಂದರೆ, ಜೀರೋ ಡೆಪ್ ಇಲ್ಲದ ಹಳೇ ಗಾಡಿಗೆ ಪ್ಲಾಸ್ಟಿಕ್ ಭಾಗಗಳ ಮೇಲೆ 50% ಸವಕಳಿ ಕಳೆಯುತ್ತಾರೆ, ಮೇಲೆ 1,000 ರೂಪಾಯಿ ನಮ್ಮ ಕೈಯಿಂದ, ಜೊತೆಗೆ ಐದು ವರ್ಷದಿಂದ ಕೂಡಿಟ್ಟ 50% ನೋ ಕ್ಲೇಮ್ ಬೋನಸ್ ಹೋಗುತ್ತೆ. ಲೆಕ್ಕ ಕೂಡಲಿಲ್ಲ. ಆದರೂ ಫಾರಮ್ಮಿನ ‘ಅಪಘಾತ ಹೇಗಾಯಿತು’ ಅನ್ನುವ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಕೂತಾಗ ಅಲ್ಲಿನ ಹುಡುಗ ಬಹಳ ವಿನಯದಿಂದ ಹೇಳಿದ: ‘ನಾಯಿ ಅಡ್ಡ ಬಂತು ಅಂತ ಬರೀರಿ ಸರ್. ಎಲ್ಲಾರೂ ಅದನ್ನೇ ಬರೀತಾರ.’

ನಗು ಬಂತು. ಇನ್ಶೂರೆನ್ಸ್ ಕಾಗದಗಳಲ್ಲಿ ಓಡಾಡುವ ನಾಯಿಗಳನ್ನೆಲ್ಲ ಒಂದು ಕಡೆ ಸೇರಿಸಿದರೆ ಬೆಳಗಾವಿಯಲ್ಲಿ ಮನುಷ್ಯರಿಗೆ ಜಾಗ ಇರಲ್ಲ. ತಮಾಷೆ ಏನಂದ್ರೆ, ನನ್ನ ಪಾಲಿಸಿಯಲ್ಲಿ ಆ ಎಕ್ಸ್‌ಎಲ್‌ಗೂ ಜಾಗ ಇತ್ತು. ಥರ್ಡ್ ಪಾರ್ಟಿ ವಿಮೆ ಅಂದರೆ ಅದೇ ತಾನೇ? ಖಾಸಗಿ ಕಾರಿನಿಂದ ಬೇರೆಯವರ ಆಸ್ತಿಗಾದ ಹಾನಿಗೆ 7.5 ಲಕ್ಷದವರೆಗೆ ಅದು ಅನ್ವಯಿಸುತ್ತೆ. ಮೂರು ದಿನ ನಾನು ಸವಕಳಿ, ಬೋನಸ್ಸು ಅಂತ ಗುಣಿಸಿ ಭಾಗಿಸಿದೆ. ಆ ‘ಥರ್ಡ್ ಪಾರ್ಟಿ’ ಯಾರು ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಬುಧವಾರ ಉದ್ಯಮಬಾಗದ ಕಡೆ ಒಂದು ಚಿಕ್ಕ ಗ್ಯಾರೇಜಿಗೆ ಹೋದೆ. ಅಲ್ಲಿನ ಪೇಂಟರ್ ಕಾಕಾ ಬಂಪರ್ ಬಿಚ್ಚಿ ತಿರುವಿ ಹಾಕಿ, ಒಳಗಡೆ ಅಚ್ಚಾಗಿದ್ದ ಪಿಪಿ, ಇಪಿಡಿಎಂ ಅನ್ನೋ ಅಕ್ಷರ ತೋರಿಸಿದರು. ಪಾಲಿಪ್ರೊಪಿಲೀನು, ಅದರಲ್ಲಿ ರಬ್ಬರು. ‘ಇದಕ ಹೊಸಾದ್ಯಾಕ್ರಿ? ಒಳಗಿನ ಕಬ್ಬಿಣದ ಪಟ್ಟಿಗೆ ಏನೂ ಆಗಿಲ್ಲ.’ 4,500ಕ್ಕೆ ಮಾತಾಯಿತು. ಬಿಸಿನೀರು ಸುರಿದು ತಗ್ಗನ್ನು ಒಳಗಿಂದ ಹೆಬ್ಬೆರಳಲ್ಲಿ ಒತ್ತಿದರು, ಟಪ್ ಅಂತ ಮೇಲೆ ಬಂತು. ಸೀಳಿನ ಹಿಂಬದಿಗೆ ಕಾಸಿದ ತಂತಿಯ ಪಿನ್ನುಗಳನ್ನು ಹೊಲಿಗೆ ಹಾಕಿದ ಹಾಗೆ ಇಳಿಸಿ, ಪ್ಲಾಸ್ಟಿಕ್ ಕರಗಿಸಿ ಕೂಡಿಸಿದರು. ಈ ಪ್ಲಾಸ್ಟಿಕ್ಕಿಗೆ ಬಣ್ಣ ಸುಲಭಕ್ಕೆ ಹಿಡಿಯಲ್ಲವಂತೆ. ಅದರದ್ದೇ ಪ್ರೈಮರ್ ಹೊಡೆಯದೆ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತೆ. ಕಂಪನಿಯ ಕಲರ್ ಕೋಡು ಹೊಸ ಗಾಡಿಗೆ ಮಾತ್ರ ಸರಿ. ನನ್ನದು ವರ್ಷಗಟ್ಟಲೆ ಬಿಸಿಲು ಕುಡಿದ ಕೆಂಪು. ಅದನ್ನು ಕಣ್ಣಳತೆಯಲ್ಲೇ ಕಲೆಸಬೇಕು. ಅವರು ಕಾರ್ಡಿನ ತುಂಡಿಗೆ ಬಣ್ಣ ಹೊಡೆದು, ಬಿಸಿಲಿಗೆ ಹಿಡಿದು, ಬಾನೆಟ್ಟಿನ ಪಕ್ಕ ಇಟ್ಟು, ತಲೆ ಆಡಿಸಿ ಮತ್ತೆ ಕಲೆಸುವುದನ್ನು ನೋಡುತ್ತ ಎರಡು ಗಂಟೆ ಕೂತಿದ್ದೆ. ಆಫೀಸಿನಲ್ಲಿ ಯಾವ ಕೆಲಸವನ್ನೂ ನಾನು ಅಷ್ಟು ಸಲ ತಿದ್ದಿದವನಲ್ಲ.

ಒಂದು ಕಾಲಕ್ಕೆ ಬಂಪರ್ ಇದ್ದದ್ದೇ ಪೆಟ್ಟು ತಿನ್ನಲಿಕ್ಕೆ. ಅಂಬಾಸಿಡರಿಗೆ, ಪದ್ಮಿನಿಗೆ ಕ್ರೋಮ್ ಹಾಕಿದ ಉಕ್ಕಿನ ಪಟ್ಟಿ ಇರುತ್ತಿತ್ತು, ತಾಗಿದರೆ ಬಡಿದು ನೆಟ್ಟಗೆ ಮಾಡೋರು. ಅಮೆರಿಕದಲ್ಲಿ 1973ರ ಮಾದರಿಗಳಿಂದ ಗಂಟೆಗೆ 5 ಮೈಲಿ ವೇಗದ ಗುದ್ದು ತಡೆಯುವ ಬಂಪರ್ ಕಡ್ಡಾಯ ಮಾಡಿದರು, 1982ರಲ್ಲಿ ಅದನ್ನು 2.5ಕ್ಕೆ ಇಳಿಸಿದರು. ಈಗ ಅದಕ್ಕೂ ಮೈಬಣ್ಣವನ್ನೇ ಬಳಿದು ಮುಖದ ಭಾಗ ಮಾಡಿದ್ದೇವೆ. ಬಂಪರನ್ನು ಕಾಯಲು ಮುಂದೆ ಇನ್ನೊಂದು ಕಬ್ಬಿಣ ಹಾಕಿಸುವ ಹುಚ್ಚೂ ಬಂತು. ಅಂಥ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ತಗೊಳ್ಳಿ ಅಂತ 2017ರಲ್ಲಿ ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೆಯಬೇಕಾಯಿತು. ಇರಲಿ, ಅದು ಬೇರೆ ಕತೆ.

ಬಣ್ಣ ಉಜ್ಜುವ ಮೊದಲು ಕಾಕಾ ನನ್ನನ್ನು ಕರೆದರು. ಸೀಳಿನ ಪಕ್ಕದಲ್ಲಿ ಗೇಣುದ್ದದ ನೀಲಿ ಗೆರೆ.

‘ಈ ನೀಲಿ ಯಾರದ್ರೀ?’

ಸಹಜವಾದ ಪ್ರಶ್ನೆ. ಇನ್ಶೂರೆನ್ಸಿನವರಿಗೆ ಫೋಟೋ ಬೇಕಾಗುತ್ತೆ, ವಾಟರ್ ಪೇಪರ್ ಹಿಡಿದರೆ ಎರಡು ನಿಮಿಷದಲ್ಲಿ ಹೋಗಿಬಿಡುತ್ತೆ, ಅದಕ್ಕೇ ಕೇಳಿದ್ದು. ‘ಫೋಟೋ ತಗೋತೀರೇನು?’ ಬೇಡ ಅಂದೆ. ಅವರು ಉಜ್ಜಲು ಶುರು ಮಾಡಿದ ಮೇಲೆ ‘ಒಂದ್ ನಿಮಿಷ ತಡೀರಿ ಕಾಕಾ’ ಅಂತ ಫೋಟೋ ತೆಗೆದುಕೊಂಡೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನುವ ಇಬ್ಬರು ತತ್ವಶಾಸ್ತ್ರಜ್ಞರು 1976ರಲ್ಲಿ ‘ನೈತಿಕ ಅದೃಷ್ಟ’ದ ಬಗ್ಗೆ ಎದುರುಬದುರು ಪ್ರಬಂಧ ಮಂಡಿಸಿದ್ದರು. ವಿಲಿಯಮ್ಸ್ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾನೆ. ಅವನ ತಪ್ಪೇನೂ ಇಲ್ಲದೆ ಮಗುವೊಂದು ಚಕ್ರಕ್ಕೆ ಸಿಕ್ಕಿದೆ. ನಾವೆಲ್ಲ ಅವನನ್ನು ಸಮಾಧಾನ ಮಾಡುತ್ತೇವೆ, ಮಾಡಲೂ ಬೇಕು. ಆದರೆ ಅವನು ತೀರಾ ಬೇಗ ಸಮಾಧಾನ ಆಗಿಬಿಟ್ಟರೆ ನಮಗೇ ಒಂಥರಾ ಅನುಮಾನ ಬರುತ್ತದಲ್ಲ, ಅದೇನು? ನೇಗಲ್‌ನ ಪ್ರಶ್ನೆ ಇನ್ನೂ ಚುಚ್ಚುವಂಥದ್ದು: ಒಂದೇ ಅಜಾಗರೂಕತೆ, ಒಬ್ಬನ ಮುಂದೆ ಮಗು ಬಂತು, ಇನ್ನೊಬ್ಬನ ಮುಂದೆ ಬರಲಿಲ್ಲ. ಇಬ್ಬರನ್ನೂ ನಾವು ಬೇರೆ ಬೇರೆ ಅಳೆಯುತ್ತೇವೆ, ಯಾವ ನ್ಯಾಯದಿಂದ?

ಇದನ್ನು ಓದಿಕೊಂಡಿದ್ದವನು ನಾನು ಎರಡನೆಯವನು, ಅದೃಷ್ಟವಂತ ಅಂತ ತೀರ್ಮಾನಿಸಿದ್ದೆ. ಹಾಡು ಬದಲಿಸುವಾಗ ಮುಂದೆ ಮಗುವಿರಲಿಲ್ಲ, ಗಾಡಿ ಇತ್ತು. ಆ ಮಟ್ಟಿಗೆ ಸರಿ. ಆದರೆ ಅಜಾಗರೂಕತೆ ಮುಗಿದದ್ದು ತಾಗಿದ ಸದ್ದಿಗೆ. ಗಾಡಿ ಎತ್ತಿ ನಿಲ್ಲಿಸಿ ಹೊರಟೆನಲ್ಲ, ಅದು ಅಜಾಗರೂಕತೆ ಅಲ್ಲ. ಅದರಲ್ಲಿ ಅದೃಷ್ಟದ ಕೈವಾಡವೂ ಇಲ್ಲ, ಎಚ್ಚರದಲ್ಲೇ ಮಾಡಿದ್ದು. ಮೋಟಾರು ವಾಹನ ಕಾಯ್ದೆಯ 134ನೇ ಕಲಮ್ಮಿನಲ್ಲಿ, ಬೇರೆಯವರ ಆಸ್ತಿಗೆ ಹಾನಿಯಾದಾಗಲೂ ಚಾಲಕನ ಕರ್ತವ್ಯ ಹೇಳಿದೆ. ಕಾನೂನಿರಲಿ, ಹತ್ತು ಹೆಜ್ಜೆ. ಮತ್ತೆ ನನ್ನ ಬಂಪರಿಗೆ ಎರಡು ದಿನದಲ್ಲಿ ಎಷ್ಟು ಕೈಗಳು ಸೇವೆ ಮಾಡಿದ್ದವು!

ಶುಕ್ರವಾರ ಗಾಡಿ ಸಿಕ್ಕಿತು. ಎಲ್ಲಿ ಒಡೆದಿತ್ತು ಅಂತ ನನಗೇ ಹುಡುಕಬೇಕಾಯಿತು. ಏನೂ ಆಗೇ ಇಲ್ಲ ಅನ್ನುವಷ್ಟು ಚೆಂದ. ಬೇರೆ ಸಲ ಆಗಿದ್ದರೆ ಸ್ಟೇಟಸ್ಸಿಗೆ ಹಾಕುತ್ತಿದ್ದೆ.

ಭಾನುವಾರ ಮತ್ತೆ ಖಾನಾಪುರ. ಗಲ್ಲಾದ ಮೇಲೆ ಕೂತಿದ್ದ ಯಜಮಾನರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ‘ನೀಲಿ ಎಕ್ಸ್‌ಎಲ್? ನಮ್ಮ ಹಾಲಿನ ಮಾಮಾಂದು, ಈಗ ಬರ್ತಾರ, ಕೂಡ್ರಿ’ ಅಂದರು. ಬಂದರು. ಅರವತ್ತರ ಆಸುಪಾಸು, ತಲೆಗೆ ಟೋಪಿ. ಇಂಡಿಕೇಟರ್ ಹೊಸದಾಗಿತ್ತು, ಮಡ್‌ಗಾರ್ಡ್ ಮೇಲೆ ಸುತ್ತಿಗೆಯ ಗುರುತು ಹಾಗೇ ಇತ್ತು. ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದರು.

‘ಎಷ್ಟು ಖರ್ಚಾತ್ರೀ ಮಾಮಾ?’

‘ಮುನ್ನೂರಾ ಐವತ್ತು.’

ಐದು ಸಾವಿರ ಅಲ್ಲ. ನಾನು 500ರ ನೋಟು ಮುಂದೆ ಹಿಡಿದೆ. ಅವರು ತಗೊಳ್ಳಲಿಲ್ಲ. ಹೋಟೆಲಿನ ಹೊರಗೆ ಬೈಕ್ ಒರೆಸುತ್ತಿದ್ದ ಇಪ್ಪತ್ತರ ಹುಡುಗನ ಕಡೆ ಕೈ ತೋರಿಸಿದರು. ‘ರೊಕ್ಕ ಇರ್ಲಿ. ಅವತ್ತ ಅವನ ಗಾಡಿ ನಮ್ಮ ಗಾಡಿ ಬಾಜೂಕ ಇತ್ತು. ಅವನ ಕೆಡವಿದಾನ ಅಂತ ನಾ ಎಲ್ಲಾರ ಮುಂದ ಬೈದೀನಿ. ಅವರಪ್ಪಗೂ ಹೇಳೀನಿ. ಅವ ಆಣಿ ಮಾಡಿ ಹೇಳಿದ, ನಾ ನಂಬಲಿಲ್ಲ.’

ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ಎಲ್ಲ ಲೆಕ್ಕದಲ್ಲೂ ಇದ್ದದ್ದು ಎರಡೇ ಗಾಡಿ, ಇಬ್ಬರೇ ಮನುಷ್ಯರು. ನಾನು ಬಿಟ್ಟುಹೋದ ತಪ್ಪು ಅಲ್ಲೇ ಗಾಳಿಗೆ ಕರಗುತ್ತೆ ಅಂದುಕೊಂಡಿದ್ದೆ. ಕರಗಿರಲಿಲ್ಲ, ಹತ್ತಿರ ಇದ್ದವನ ಮೇಲೆ ಹೋಗಿ ಕೂತಿತ್ತು. ವಾರವಿಡೀ ನಾನು ಕೆಂಪಿಗೆ ಕೆಂಪು ಹೊಂದುತ್ತಾ ಅಂತ ನೋಡುತ್ತಿದ್ದಾಗ ಇಲ್ಲಿ ಒಬ್ಬ ಹುಡುಗ ಸುಳ್ಳುಗಾರ ಆಗಿದ್ದ.

ಹೊರಗೆ ಹೋಗಿ ಅವನಿಗೆ ಹೇಳಿದೆ. ಸಾರಿ ಅಂದೆ. ಒರೆಸುವ ಅರಿವೆ ಕೈಯಲ್ಲೇ ಹಿಡಿದು ಕೇಳಿಸಿಕೊಂಡ.

‘ನನಗ್ಯಾಕ ಹೇಳ್ತೀರಿ ಸರ್? ನಾ ಕೆಡವಿಲ್ಲ ಅಂತ ನನಗ ಗೊತ್ತೇ ಐತಿ. ಒಳಗ ಹೇಳ್ರಿ.’

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಬೈಗುಳ ಎಲ್ಲರ ಮುಂದೆ ಬಿದ್ದಿತ್ತು, ನನ್ನ ತಪ್ಪೊಪ್ಪಿಗೆ ಕಿವಿಯಲ್ಲಿ ಯಾಕೆ? ಒಳಗೆ ಹೋದೆ. ಎಂಟು ಹತ್ತು ಜನ ಮಿಸಳ್ ತಿನ್ನುತ್ತಿದ್ದರು. ಆಫೀಸಿನಲ್ಲಿ ನೂರು ಜನರೆದುರು ಪ್ರೆಸೆಂಟೇಶನ್ ಕೊಟ್ಟವನಿಗೆ ನಾಲ್ಕು ಟೇಬಲ್ಲುಗಳ ಮುಂದೆ ದನಿ ಏಳಲಿಲ್ಲ. ಫೋನಿನಲ್ಲಿದ್ದ ಫೋಟೋ ತೆಗೆದು, ಹೋದ ಭಾನುವಾರ ಆ ಗಾಡಿ ಕೆಡವಿದ್ದು ನಾನು, ಈ ಹುಡುಗ ಅಲ್ಲ ಅಂತ ಹೇಳಿದೆ. ಕೆಲವರು ತಲೆ ಎತ್ತಿದರು. ಒಬ್ಬರು ಮರಾಠಿಯಲ್ಲಿ ಏನೋ ಅಂದು ನಕ್ಕರು. ಯಜಮಾನರು ಗಲ್ಲಾದಿಂದಲೇ ಕನ್ನಡಕ ಏರಿಸಿ ಫೋಟೋ ನೋಡಿದರು.

ಹಾಲಿನ ಮಾಮಾ ಆಮೇಲೆ 500 ತಗೊಂಡು, ಅಂಗಿಯ ಒಳಜೇಬಿನಿಂದ 150 ಎಣಿಸಿ ವಾಪಸ್ ಕೊಟ್ಟರು. ಬೇಡ ಅಂದರೂ ಬಿಡಲಿಲ್ಲ. ಹುಡುಗನನ್ನು ಕರೆದು ಚಹಾ ಹೇಳಿದರು. ಅವನು ‘ಆಮ್ಯಾಲ ಕುಡೀತೀನಿ’ ಅಂದು ಬೈಕ್ ಒರೆಸುವುದನ್ನು ಮುಂದುವರಿಸಿದ. ಅವರಪ್ಪನಿಗೆ ಯಾರು ಹೇಳಬೇಕು ಅನ್ನುವ ಮಾತು ಬಂದಾಗ ‘ಅದು ನಂದು, ನಾ ಹೋಗ್ತೀನಿ’ ಅಂದರು ಮಾಮಾ. ನಾನೂ ಬರಲಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ‘ಬರ್ರಿ’ ಅಂದರು. ಕಾರು ಅಲ್ಲೇ ಬಿಟ್ಟು, ಕ್ಯಾನುಗಳ ನಡುವೆ ಕಾಲು ಮಡಿಚಿಕೊಂಡು ಎಕ್ಸ್‌ಎಲ್‌ನ ಹಿಂದೆ ಕೂತೆ.