ಆಪ್ತವಾಕ್ಯವೂ ಗುಪ್ತಕೀಲಿಯೂ

ಪರರ ಮಾತನ್ನು ನಾವು ಯಾವ ಆಧಾರದ ಮೇಲೆ ಪ್ರಮಾಣವೆಂದು ಅಂಗೀಕರಿಸುತ್ತೇವೆ, ಆ ಆಧಾರಕ್ಕೆ ಮತ್ತಾವುದು ಆಧಾರ, ಈ ಪರಂಪರೆ ಎಲ್ಲಿಯಾದರೂ ವಿಶ್ರಮಿಸುವುದೋ ಇಲ್ಲವೋ ಎಂಬ ಪ್ರಶ್ನೆಯು ನಮ್ಮ ದರ್ಶನಕಾರರನ್ನು ಶತಮಾನಗಳ ಕಾಲ ಕಾಡಿತು. ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ ಒಂದೊಂದೇ ಆದೇಶವನ್ನು ಬರೆದು ತನ್ನ ಗೂಢಲಿಪಿಯ ಕೀಲಿಗಳನ್ನು ತಾನೇ ಕಾಪಾಡಿಕೊಳ್ಳುವವನ ಮುಂದೆಯೂ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ; ಅಲ್ಲಿ ಅದು ಬೇಡುವುದು ವಾದವನ್ನಲ್ಲ, ಒಂದು ಅಂಕಿಯನ್ನು.

1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದ ತತ್ತ್ವವನ್ನನುಸರಿಸಿ ಒಬ್ಬೊಬ್ಬನಿಗೂ ಎರಡು ಕೀಲಿಗಳು: ಲೋಕಕ್ಕೆಲ್ಲ ಹಂಚಬಹುದಾದದ್ದೊಂದು, ಯಾರಿಗೂ ತೋರದೆ ಬಚ್ಚಿಡಬೇಕಾದದ್ದೊಂದು. ಫಿಲ್ ಜಿಮ್ಮರ್‌ಮನ್ನರು 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶದ ಮೂಲಕ ಇದನ್ನು ಜನಸಾಮಾನ್ಯರ ಕೈಗಿತ್ತರು. ಅದೇ ಬಗೆಯ ತಂತ್ರಾಂಶವಾದ, ವರ್ನರ್ ಕೋಖ್ ಅವರ ಗ್ನೂಪಿಜಿಯು 1999ರಲ್ಲಿ ಪೂರ್ಣರೂಪವನ್ನು ತಾಳಿತು. ಆದರೆ ಮಿತ್ರನ ಹೆಸರನ್ನು ಹೊತ್ತು ಬಂದ ಕೀಲಿಯು ಮಿತ್ರನದೇ ಎಂಬುದಕ್ಕೆ ಸಾಕ್ಷ್ಯವೇನು? ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಷ್ಟೆ. ಆ ಕೀಲಿಯನ್ನು ಗುರುತಿಸುವ ನಲವತ್ತು ಚಿಹ್ನೆಗಳ ಬೆರಳಗುರುತನ್ನು ಅವನ ಬಾಯಿಂದಲೇ ಕೇಳಿ, ತಾಳೆ ನೋಡಿ, ಅದಕ್ಕೆ ನನ್ನ ಸಹಿ ಹಾಕಿದೆನಾದರೆ, ಅವನನ್ನು ಕಾಣದವರಿಗೆ ನಾನು ಸಾಕ್ಷಿಯಾದಂತಾಯಿತು.

ಇಲ್ಲಿ ಗ್ನೂಪಿಜಿ ಮಾಡುವ ವಿವೇಚನೆಯೊಂದನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಈ ಕೀಲಿ ಇವನದೆಂಬುದು ಬೇರೆ. ಇನ್ನೊಬ್ಬರ ಕೀಲಿಯ ವಿಷಯದಲ್ಲಿ ಇವನ ಮಾತು ನಂಬಲರ್ಹವೆಂಬುದು ಬೇರೆ. ಸತ್ಯವಂತನೂ ಪರೀಕ್ಷೆಯಲ್ಲಿ ಉದಾಸೀನನಾಗಿರಬಹುದು. ಮೊದಲನೆಯದನ್ನು ಸಹಿಯ ಮೂಲಕ ಲೋಕಕ್ಕೆ ಸಾರಬಹುದು. ಎರಡನೆಯದು ನನ್ನ ಯಂತ್ರದೊಳಗೇ ಉಳಿಯುತ್ತದೆ, ಏಕೆಂದರೆ ಮಿತ್ರನ ವಿವೇಕಕ್ಕೆ ನಾನು ಕಟ್ಟಿದ ಬೆಲೆ ಮಿತ್ರನಿಗೂ ತಿಳಿಯತಕ್ಕದ್ದಲ್ಲ. ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು, ವಸ್ತುವನ್ನು ಸಾಕ್ಷಾತ್ತಾಗಿ ಅರಿತು ಅರಿತಂತೆಯೇ ತಿಳಿಸಬಯಸುವವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಹೇಳಿದನು. ಅರಿವು ಮತ್ತು ಪ್ರಾಮಾಣಿಕತೆ ಎರಡೂ ಕೂಡಿದಲ್ಲದೆ ಆಪ್ತತ್ವವಿಲ್ಲವೆಂಬ ಆ ಮಾತಿನ ಸೂಕ್ಷ್ಮತೆಯೇ ಇಲ್ಲಿಯೂ ಇದೆ. ಪೂರ್ಣವಾಗಿ ನಂಬಿದವನೊಬ್ಬನ ಸಹಿ, ಇಲ್ಲವೆ ಅರೆನಂಬಿಕೆಯ ಮೂವರ ಸಹಿಗಳಿದ್ದರೆ ಕೀಲಿಯು ಸಾಧುವೆಂಬ ರೂಢಿಯ ನಿಯಮವನ್ನು ಮಾತ್ರ ನಾನು ಮನಸಾರೆ ಒಪ್ಪಲಾರೆನು. ಮೂವರೂ ಒಬ್ಬನ ಬಾಯಿಂದಲೇ ಕೇಳಿ ಸಹಿ ಹಾಕಿದ್ದರೆ ಅಲ್ಲಿರುವುದು ಒಂದೇ ಸಾಕ್ಷ್ಯ. ಯಂತ್ರವು ಸಹಿಗಳನ್ನು ಎಣಿಸಬಲ್ಲದು, ಅವುಗಳ ಮೂಲವನ್ನರಿಯದು.

ಸಾಕ್ಷಿಗೆ ಸಾಕ್ಷಿ ಯಾರೆಂದು ಕೇಳುತ್ತ ಹೋದರೆ ಕೊನೆಯಿಲ್ಲದ ಅನವಸ್ಥೆ. ಅದನ್ನು ನಿಲ್ಲಿಸಲೆಂದು ಗ್ನೂಪಿಜಿಯು, ಒಡೆಯನು ಸೃಷ್ಟಿಸಿಕೊಂಡ ಸ್ವಂತ ಕೀಲಿಗೆ ಪರಮವಿಶ್ವಾಸದ ಮುದ್ರೆಯನ್ನು ಒತ್ತುತ್ತದೆ. ಜ್ಞಾನದ ಪ್ರಾಮಾಣ್ಯವನ್ನು ಕೊನೆಗೆ ಗ್ರಹಿಸುವುದು ಆತ್ಮನ ಸ್ವರೂಪೇಂದ್ರಿಯವಾದ ಸಾಕ್ಷಿಯೇ, ಅದಕ್ಕೆ ಮತ್ತೊಂದರ ಅಪೇಕ್ಷೆಯಿಲ್ಲವೆಂದು ಮಧ್ವಾಚಾರ್ಯರು ಅನವಸ್ಥೆಯನ್ನು ಪರಿಹರಿಸಿದ ಕ್ರಮವು ನನಗೆ ಇಲ್ಲಿ ನೆನಪಾಗುತ್ತದೆ. ಭೇದವೂ ದೊಡ್ಡದೇ: ಆಚಾರ್ಯರ ಸಾಕ್ಷಿಯು ನಿರ್ದೋಷವಾದುದು, ಯಂತ್ರದ ಪರಮವಿಶ್ವಾಸವಾದರೋ ಮನುಷ್ಯನ ನಿರ್ಣಯಮಾತ್ರ. ಅಷ್ಟೇ ಅಲ್ಲ, ವಿಶ್ವಾಸದ ಐದು ಮೆಟ್ಟಿಲುಗಳಲ್ಲಿ ಕೊನೆಯದಾದ, ಪರಮವಿಶ್ವಾಸದ ಐದನೆಯ ಅಂಕಿಯನ್ನು ಪರರ ಕೀಲಿಗೂ ಕೊಡಬಹುದು. ನಿಜವಾಗಿಯೂ ಕೊಡುವೆಯಾ ಎಂದು ಯಂತ್ರವು ಮತ್ತೊಮ್ಮೆ ಕೇಳಿ, ಹೌದೆಂದರೆ ಸುಮ್ಮನಾಗುತ್ತದೆ. ಆಮೇಲೆ ಆ ಕೀಲಿಯ ಒಡೆಯನು ಪ್ರಮಾಣೀಕರಿಸಿದ ಕೀಲಿಯು ನನ್ನ ಪಾಲಿಗೆ ನಾನೇ ಪರೀಕ್ಷಿಸಿ ಸಹಿ ಹಾಕಿದ ಕೀಲಿಗೆ ಸಮ. ಗುರುವಿಗಾದರೂ ನಾನು ನಾಲ್ಕನೆಯ ಅಂಕಿಯನ್ನೇ ಕೊಡುವೆನು. ಅವರ ಮಾತನ್ನು ಪೂರ್ಣವಾಗಿ ನಂಬುವೆನಾದರೂ, ಹಾಗೆ ನಂಬುವ ನಿರ್ಧಾರವು ನನ್ನದಾಗಿಯೇ ಇರತಕ್ಕದ್ದು.